ಪಡಸಾಲೆಯಲ್ಲಿದ್ದ ಶಾಲೆ

ನಮ್ಮ ಇತಿಹಾಸದ ಮೇಡಂ ತೀರಿಕೊಂಡ ಮರುದಿನ ನಮ್ಮ ಕಾಲೇಜಿನಲ್ಲಿ ಶ್ರದ್ಧಾಂಜಲಿ ಸಭೆ ನಡೆಯಿತು. ಪ್ರಾಚಾರ್ಯರು ಅವರನ್ನು ಮೃದುಭಾಷಿ ಎಂದರು. ಆಡಳಿತ ಮಂಡಳಿಯವರೊಬ್ಬರು, ಯಾರ ಮನಸ್ಸನ್ನೂ ನೋಯಿಸದ ಜೀವ ಎಂದರು. ವಾಣಿಜ್ಯ ವಿಭಾಗದ ನಮ್ಮ ಮಿತ್ರರು ಸೇವೆಯುದ್ದಕ್ಕೂ ಅವರ ಎದುರಿನ ಕುರ್ಚಿಯಲ್ಲಿ ಕೂತು ಚಹಾ ಕುಡಿಯಲು ಹೆದರಿದವರು. ಆ ಮಿತ್ರರೇ ಎದ್ದು ನಿಂತು, ಆಕೆ ತಮಗೆ ಸ್ವಂತ ಅಕ್ಕನಂತಿದ್ದರು ಎಂದು ಕರವಸ್ತ್ರ ತೆಗೆದರು. ನಾನು ಹಾರ ಹಾಕಿದ ಫೋಟೋವನ್ನು ಮತ್ತೊಮ್ಮೆ ನೋಡಿದೆ. ಬೇರೆ ಯಾರದೋ ಸಭೆಗೆ ಬಂದು ಕೂತಿದ್ದೇನೋ ಎಂಬ ಅನುಮಾನ ಬಂದಿತ್ತು. ಇಲ್ಲ, ಅವರೇ. ಫೋಟೋದಲ್ಲೂ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಮುಂದೆ ನಿಂತವನು ಈಗ ಯಾವ ಸುಳ್ಳು ಹೇಳುತ್ತಾನೆ ಎಂದು ಕಾಯುತ್ತಿದ್ದರು.

ಅವರು ನಮ್ಮ ಪಿಯು ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದರು. ಬೆಟಗೇರಿಯವರು. ತಂದೆ ಅಲ್ಲಿಯ ನೇಕಾರರಿಗೆ ನೂಲಿಗೆ ಬಣ್ಣ ಹಾಕಿಕೊಡುತ್ತಿದ್ದವರು. ಮದುವೆಯಾಗಿರಲಿಲ್ಲ. ಯಾಕೆ ಆಗಲಿಲ್ಲ ಎಂದು ಕೇಳುವ ಧೈರ್ಯ ಮಾಡಿದ ಒಬ್ಬ ಹೊಸ ಗುಮಾಸ್ತನಿಗೆ, "ನೀವು ಆಗೀರಲ್ಲ, ಹೆಂಗೈತಿ?" ಎಂದು ತಿರುಗಿ ಕೇಳಿದ್ದರು. ಆತ ಫೈಲು ಎತ್ತಿಕೊಂಡು ಹೋದ. ಒಮ್ಮೆ ತಪಾಸಣೆಗೆ ಬಂದ ಅಧಿಕಾರಿ ಹಾಜರಿಯಲ್ಲಿ ಇವರ ಹೆಸರು ಓದಿ, ಮುಖ ನೋಡಿ, ಬಹಳ ಪ್ರೀತಿಯಿಂದ, "ಉರ್ದು ವಿಭಾಗ ಅಲ್ಲವೇ?" ಎಂದರು.

"ಅಲ್ರಿ ಸರ್, ಇತಿಹಾಸ. ಉರ್ದು ಮಾತಾಡಾಕ ಬರತೈತಿ, ಓದಾಕ ಬರೂದಿಲ್ಲ. ನಿಮಗ ಬಂದ್ರ ಹೇಳ್ರಿ, ಕಲ್ತು ವಿಭಾಗ ಬದಲಿ ಮಾಡತೀನಿ."

ಅಧಿಕಾರಿ ಆಮೇಲೆ ಬರೀ ಶೌಚಾಲಯಗಳ ತಪಾಸಣೆ ಮಾಡಿ ಹೋದರು.

ನನ್ನನ್ನು ಅವರು 'ಕವಿಗಳ' ಎಂದು ಕರೆಯುತ್ತಿದ್ದರು. ನಾನು ಜನ್ಮದಲ್ಲಿ ಒಂದೂ ಪದ್ಯ ಬರೆದವನಲ್ಲ. ಕನ್ನಡ ಕಲಿಸುವವರೆಲ್ಲ ಹೇಗಿದ್ದರೂ ಕವಿಗಳೇ, ಕೆಲವರು ಬರೆದು ಕಾಡುತ್ತಾರೆ, ಕೆಲವರು ಬರೆಯದೆ ಕಾಡುತ್ತಾರೆ ಎಂಬುದು ಅವರ ವಾದ. ಈ ಬರೆಯದ ಕವಿಗೆ ಕಾಲೇಜು ಒಂದು ಹೆಚ್ಚುವರಿ ಹೊಣೆ ಕೊಟ್ಟಿತ್ತು. ವರ್ಷಕ್ಕೊಮ್ಮೆ ಇತಿಹಾಸದ ವಿದ್ಯಾರ್ಥಿಗಳನ್ನು ಪ್ರವಾಸಕ್ಕೆ ಕರೆದೊಯ್ಯುವಾಗ ಜೊತೆಗೊಬ್ಬ ಗಂಡಸು ಇರಬೇಕು ಎಂಬ ನಿಯಮವಿತ್ತು. ಆ ಗಂಡಸು ನಾನು. ಔಷಧಿ ಡಬ್ಬಿ ಹಿಡಿದುಕೊಂಡು ಬಸ್ಸಿನ ಕೊನೆಯ ಸೀಟಿನಲ್ಲಿ ಕೂರುವುದು, ವಾಂತಿ ಮಾಡುವವರಿಗೆ ನಿಂಬೆಹಣ್ಣು ಕೊಡುವುದು, ಇಷ್ಟೇ ನನ್ನ ಪೌರುಷದ ವ್ಯಾಪ್ತಿ.

ಬೇರೆ ಕಾಲೇಜಿನ ಮಕ್ಕಳು ನೀರಿನಲ್ಲಿ ಜಾರುವ ಪಾರ್ಕುಗಳಿಗೆ ಹೋಗಿ ಒದ್ದೆಯಾಗಿ ಬರುತ್ತಿದ್ದರು. ನಮ್ಮವರು ವಾಡೆ ನೋಡಲು ಹೋಗುತ್ತಿದ್ದರು. ಮೂಗಿನ ಕೆಳಗೆ ಮೀಸೆ ಕಪ್ಪಾಗುತ್ತಿದ್ದ ಹುಡುಗರು, ಬಸ್ಸು ಹತ್ತುವ ತನಕ ಬ್ಯಾಗಿನಲ್ಲಿ ಅಡಗಿಸಿಟ್ಟಿದ್ದ ಲಿಪ್‌ಸ್ಟಿಕ್ಕನ್ನು ಮುಳಗುಂದ ನಾಕಾ ದಾಟಿದ ಮೇಲೆ ಹೊರತೆಗೆಯುವ ಹುಡುಗಿಯರು. ಇವರಿಗೆ ಹಳೆ ಮನೆ ನೋಡುವುದೆಂದರೆ ಸಣ್ಣ ಮಕ್ಕಳ ಆಟ, ಅವಮಾನ. ಆದರೆ ಪ್ರಾಚಾರ್ಯರಿಗೆ ಆ ವಾಡೆ ಬಹಳ ಇಷ್ಟವಾದ ಐತಿಹಾಸಿಕ ಸ್ಥಳ. ಹತ್ತಿರದಲ್ಲಿತ್ತು, ಸಂಜೆಯೊಳಗೆ ವಾಪಸು ಬರಬಹುದಿತ್ತು, ಯಾರೂ ನೀರಿನಲ್ಲಿ ಮುಳುಗುವ ಸಂಭವವಿರಲಿಲ್ಲ.

ವಾಡೆ ಲಕ್ಷ್ಮೇಶ್ವರದಿಂದ ಶಿರಹಟ್ಟಿಯ ಕಡೆಗೆ ಒಳದಾರಿಯಲ್ಲಿರುವ ಒಂದು ಹಳ್ಳಿಯಲ್ಲಿದೆ. ಹೆಬ್ಬಾಗಿಲು, ಕಂಬಗಳ ಪಡಸಾಲೆ, ನಡುವೆ ಕಲ್ಲುಹಾಸಿದ ಅಂಗಳ, ಸುತ್ತ ಮಾಳಿಗೆ. ಹಿಂದಿನ ಅರ್ಧದಲ್ಲಿ ಮನೆತನದವರು ಇನ್ನೂ ಇದ್ದಾರೆ. ಮುಂದಿನ ಅರ್ಧವನ್ನು ಅವರ ಹಿರಿಯರು, ಊರವರೆಲ್ಲ ಧಣ್ಯಾರು ಎಂದು ಕರೆಯುವ ಮುದುಕರು, ವಸ್ತುಸಂಗ್ರಹಾಲಯ ಮಾಡಿದ್ದರು. ಸಂಗ್ರಹಕ್ಕೆ ಹೆಚ್ಚು ಕಷ್ಟಪಟ್ಟಿರಲಿಲ್ಲ. ಮನೆಯಲ್ಲಿ ಉಪಯೋಗವಿಲ್ಲದ್ದನ್ನೆಲ್ಲ ಮುಂದಕ್ಕೆ ತಂದಿಟ್ಟು ಹಗ್ಗ ಕಟ್ಟಿದ್ದರು. ಪಲ್ಲಕ್ಕಿ, ತುಕ್ಕು ಹಿಡಿದ ಕತ್ತಿಗಳು, ತೂಗುಮಂಚ, ಕಪ್ಪತಗುಡ್ಡದಲ್ಲಿ ಧಣಿಯರ ಅಜ್ಜ ಹೊಡೆದರೆನ್ನಲಾದ ಹುಲಿ. ಹುಲಿಯ ಹೊಟ್ಟೆಯಿಂದ ಹೊಟ್ಟು ಉದುರುತ್ತಿತ್ತು.

ಧಣ್ಯಾರು ತಾವೇ ಮನೆ ತೋರಿಸುತ್ತಿದ್ದರು. ತಲೆಗೆ ಕೆಂಪು ಪಟಗಾ ಸುತ್ತಿ, ಕೈಯಲ್ಲಿ ಮೈಕು ಹಿಡಿದು. ಪಡಸಾಲೆಯಲ್ಲಿ ಪಿಸುಗುಟ್ಟಿದರೂ ಕೇಳಿಸುತ್ತಿತ್ತು, ಆದರೆ ಮನೆತನದ ಕೀರ್ತಿಯನ್ನು ಬರಿ ಬಾಯಿಯಲ್ಲಿ ಹೇಳುವುದು ಅವರಿಗೆ ಸರಿಕಾಣುತ್ತಿರಲಿಲ್ಲ. ಕಾಲೇಜಿನ ಮಕ್ಕಳು ಬರುವ ದಿನ ಸ್ಥಳೀಯ ಪತ್ರಿಕೆಯ ವರದಿಗಾರನನ್ನು ಕರೆಸಿ ಫೋಟೋ ತೆಗೆಸುತ್ತಿದ್ದರು. ಎಲ್ಲ ಫೋಟೋಗಳಲ್ಲೂ ಮುಂದೆ ಅವರು, ಹಿಂದೆ ಹುಲಿ, ಅಂಚಿನಲ್ಲಿ ಒಂದಿಷ್ಟು ವಿದ್ಯಾರ್ಥಿಗಳ ಕಿವಿ.

ನಮ್ಮ ಮೇಡಂ ಮೊದಲ ವರ್ಷವೇ ಒಂದು ಪದ್ಧತಿ ಹಾಕಿದರು. ಹೆಬ್ಬಾಗಿಲ ಮುಂದೆ ಬಸ್ಸು ನಿಲ್ಲಿಸದೆ ಹಿಂದಿನ ಓಣಿಗೆ ತಿರುಗಿಸಿದರು.

"ಇಲ್ಯಾಕ್ರಿ ಮೇಡಂ? ಬಾಗಲಾ ಆ ಕಡೆ ಐತಿ," ಎಂದ ಒಬ್ಬ ಹುಡುಗ.

"ಆ ಬಾಗಲದಾಗ ನಿಮ್ಮಪ್ಪನ ಅಪ್ಪನ್ನ ಬಿಡತಿದ್ರೇನು? ನಮ್ಮ ಅಜ್ಜನ್ನಂತೂ ಬಿಡತಿದ್ದಿಲ್ಲ. ಬಣ್ಣದ ನೂಲು ತಂದ್ರ ಇಲ್ಲೇ ಇಟ್ಟು ಹೋಗಬೇಕಿತ್ತು. ಇಳೀರಿ. ನಮ್ಮ ನಮ್ಮ ಬಾಗಲದಿಂದ ಒಳಗ ಹೋಗೂಣು."

ಹೀಗೆ ಒಳಗೆ ಹೋದ ಮೇಲೆ ಅಡುಗೆಮನೆ, ನೆಲದಡಿ ಕಾಳು ತುಂಬುವ ಹಗೇವು, ಕುದುರೆ ಕಟ್ಟುವ ಜಾಗ, ನೀರು ಸೇದುವ ಬಾವಿ, ಕಡೆಗೆ ಪಡಸಾಲೆ. ಧಣಿಯರು ಪಲ್ಲಕ್ಕಿಯ ಮುಂದೆ ನಿಂತು ಅದರಲ್ಲಿ ಕೂತವರ ಹೆಸರುಗಳನ್ನೆಲ್ಲ ಹೇಳಿ ಮುಗಿಸಿದಾಗ ಮೇಡಂ ಮೆಲ್ಲಗೆ, "ಹೊತ್ತವರ ಹೆಸರು?" ಎನ್ನುತ್ತಿದ್ದರು. ಧಣಿಯರು ನಕ್ಕು, "ಬಾಯಾರು ಭಾಳ ಹುಶಾರದಾರ," ಎಂದು ಮೈಕಿನಲ್ಲಿ ಹೇಳಿ ಮುಂದೆ ಸರಿಯುತ್ತಿದ್ದರು. ಹುಲಿಯ ಮುಂದೆ ಇವರದು ಒಂದೇ ಮಾತು. "ಹುಲಿ ಸತ್ತದ್ದು ಖರೆ. ಮುಂದಿಂದು ಹುಲಿನ್ನ ಕೇಳಬೇಕು."

ಎಲ್ಲಕ್ಕಿಂತ ಅವರಿಗೆ ರಂಜನೆ ಕೊಡುತ್ತಿದ್ದದ್ದು ಪಡಸಾಲೆಯ ಗೋಡೆಯ ಮೇಲಿದ್ದ ಒಂದು ಫಲಕ. ಈ ಮನೆತನದ ಹಿರಿಯರು ಈ ಸೀಮೆಯಲ್ಲಿಯೇ ಮೊಟ್ಟಮೊದಲ ಹೆಣ್ಣುಮಕ್ಕಳ ಶಾಲೆಯನ್ನು ಇದೇ ಪಡಸಾಲೆಯಲ್ಲಿ ತೆರೆದರು ಎಂದು ಅದರಲ್ಲಿ ಬಿಳಿ ಬಣ್ಣದಲ್ಲಿ ಬರೆದಿತ್ತು. ಧಣಿಯರು ಊಟದ ವ್ಯವಸ್ಥೆ ನೋಡಲು ಒಳಗೆ ಹೋದ ಕೂಡಲೇ ಮೇಡಂ ಮಕ್ಕಳನ್ನು ಅದರ ಮುಂದೆ ಕೂರಿಸಿ ಪಾಠ ಶುರುಮಾಡುತ್ತಿದ್ದರು.

"ಮಾಸ್ತರ ಹೆಸರೇನು? ಬರದಿಲ್ಲ. ಕಲತ ಒಬ್ಬಾಕಿ ಹೆಸರು? ಬರದಿಲ್ಲ. ಒಂದು ಪಾಟಿ, ಒಂದು ಬಳಪ, ಒಂದು ಗಂಟಿ? ಇಲ್ಲ. ಇಡೀ ಇತಿಹಾಸದಾಗ ಇದೊಂದ ಶಾಲಿ ನೋಡ್ರಿ, ಗೈರುಹಾಜರಿ ನೂರಕ್ಕ ನೂರು. ಯಾವುದಾದ್ರೂ ಮಾತು ಖರೆ ಅನ್ನೂಕಿಂತ ಮೊದಲ ಅದನ್ನ ಹೇಳಿದಾಂವ ಯಾರು, ಅವಗೇನು ಲಾಭ ಅಂತ ಕೇಳ್ರಿ. ಇದಿಷ್ಟು ತಿಳಕೊಂಡ್ರ ನೀವು ಪಾಸು. ಪರೀಕ್ಷಾದಾಗ ಅಲ್ಲ, ಪರೀಕ್ಷಾದಾಗ ಪುಸ್ತಕದಾಗಿಂದ ಬರೀರಿ."

ಮಕ್ಕಳು ನಗುತ್ತಿದ್ದರು. ವಾಪಸು ಬರುವಾಗ ಬಸ್ಸಿನಲ್ಲಿ ಅವರವರೇ ಪ್ರಶ್ನೆ ಹಾಕಿಕೊಂಡು ಜಗಳಾಡುತ್ತಿದ್ದರು. ನೀರಿನಲ್ಲಿ ಜಾರಿ ಬಂದ ಮಕ್ಕಳು ಹೀಗೆ ಜಗಳಾಡಿದ್ದನ್ನು ನಾನು ಕೇಳಿಲ್ಲ.

ಇಷ್ಟು ವಿನೋದವಾಗಿ ನಡೆದಿದ್ದ ವ್ಯವಹಾರದಲ್ಲಿ ಒಂದು ವರ್ಷ ಧಣಿಯರ ಮೊಮ್ಮಗಳೇ ನಮ್ಮ ಕಾಲೇಜಿಗೆ ಬಂದು ಸೇರಿದಳು. ಹೆಸರು ಸಹನಾ. ಬೆಟಗೇರಿಯಲ್ಲಿ ಸೋದರಮಾವನ ಮನೆಯಲ್ಲಿದ್ದು ಓದುತ್ತಿದ್ದಳು. ಹೆಸರಿಗೂ ಆಕೆಗೂ ಸಂಬಂಧವಿರಲಿಲ್ಲ. ಮೊದಲ ಬೆಂಚಿನಲ್ಲಿ ಕೂತು ಮೇಡಂ ಅವರ ಪ್ರತಿ ವಾಕ್ಯಕ್ಕೂ ಕೈ ಎತ್ತುತ್ತಿದ್ದಳು. ಸ್ಟಾಫ್ ರೂಮಿಗೆ ಬಂದು ಮೇಡಂ, "ಆ ಮನ್ಯಾಗ ಹುಲಿ ಇದ್ದದ್ದು ಖರೆ ಅಂತ ಈಗ ನಂಬಿಕಿ ಬಂತು ಕವಿಗಳ," ಎಂದರು. ಅವರ ಬಾಯಿಂದ ಒಬ್ಬ ವಿದ್ಯಾರ್ಥಿಗೆ ಬಂದ ಅತಿದೊಡ್ಡ ಪ್ರಶಸ್ತಿ ಅದು.

ಎರಡನೇ ವರ್ಷದ ದೀಪಾವಳಿಗೆ ಊರಿಗೆ ಹೋದ ಹುಡುಗಿ ತಿರುಗಿ ಬರಲಿಲ್ಲ. ಗೆಳತಿಯರನ್ನು ಕೇಳಿದರೆ, ಲಗ್ನ ನಿಶ್ಚಯವಾಗಿದೆ, ಹುಡುಗ ಮುಂಡರಗಿ ಕಡೆಯವನು, ಗೊಬ್ಬರದ ಅಂಗಡಿಯಿದೆ ಎಂದರು. ಹುಡುಗಿಗೆ ಹದಿನೆಂಟು ತುಂಬುವುದನ್ನೇ ಮನೆಯವರು ಕಾದಿದ್ದರು. ಕಾನೂನು ತಪ್ಪದ ಮನೆತನ. ಮೇಡಂ ಹುಡುಗಿಯ ಮನೆಗೆ ಫೋನು ಮಾಡಿದರು. ಸಹನಾಳ ತಂದೆ ಎತ್ತಿಕೊಂಡು, "ಆಕಿಗೆ ಆರಾಮಿಲ್ರಿ," ಎಂದು ಇಟ್ಟುಬಿಟ್ಟರು. ಮತ್ತೆ ಮಾಡಿದಾಗ ಆರಾಮಿಲ್ಲದ ಹುಡುಗಿ ನೆಂಟರ ಊರಿಗೆ ಹೋಗಿದ್ದಳು, ಮರುದಿನ ಮಾಡಿದಾಗ ಸ್ನಾನಕ್ಕೆ ಹೋಗಿದ್ದಳು.

ಜನವರಿಯಲ್ಲಿ ಹೋಗಬೇಕಿದ್ದ ಪ್ರವಾಸವನ್ನು ಮೇಡಂ ಆ ವರ್ಷ ಡಿಸೆಂಬರಿನ ಮೊದಲ ವಾರಕ್ಕೇ ತಂದರು. ಚಳಿ ಜಾಸ್ತಿಯಾಗುವ ಮೊದಲೇ ಮುಗಿಸಬೇಕು ಎಂದು ಪ್ರಾಚಾರ್ಯರಿಗೆ ಹೇಳಿದರು. ಗದಗಿನ ಚಳಿಗೆ ಯಾರೂ ಸ್ವೆಟರ್ ಹಾಕಿದ್ದನ್ನು ಕಾಣದ ಪ್ರಾಚಾರ್ಯರು, ಮಕ್ಕಳ ಆರೋಗ್ಯದ ಬಗ್ಗೆ ಅವರ ಕಾಳಜಿಯನ್ನು ಮೆಚ್ಚಿ ಸಹಿ ಹಾಕಿದರು.

ಅಂದು ಎಂದಿನಂತೆ ಹಿಂದಿನ ಬಾಗಿಲಿನಿಂದ ಹೋದೆವು. ಆದರೆ ಮೇಡಂ ಅಡುಗೆಮನೆ, ಬಾವಿ ಎಲ್ಲವನ್ನೂ ಬಿಟ್ಟು, ಸೀದಾ ಅಂಗಳಕ್ಕೆ ಬಂದು ನಿಂತರು. ಮಕ್ಕಳೆಲ್ಲ ಸುತ್ತ ಸೇರಿದರು. ಪಡಸಾಲೆಯಲ್ಲಿ ಧಣಿಯರು ಪಟಗಾ ಸರಿಮಾಡಿಕೊಳ್ಳುತ್ತಿದ್ದರು, ವರದಿಗಾರ ಕ್ಯಾಮರಾ ಒರೆಸುತ್ತಿದ್ದ. ಧಣಿಯರ ಇಬ್ಬರು ಮಕ್ಕಳು, ಸಹನಾಳ ತಂದೆ ಮತ್ತು ದೊಡ್ಡಪ್ಪ, ಕಂಬಕ್ಕೊಬ್ಬರಂತೆ ಒರಗಿ ನಿಂತಿದ್ದರು. ಬೇರೆ ವರ್ಷ ಅವರು ಕಾಣಿಸಿಕೊಳ್ಳುತ್ತಿರಲಿಲ್ಲ.

ಮೇಡಂ ದೊಡ್ಡ ದನಿಯಲ್ಲಿ ಕೇಳಿದರು. "ನೋಡ್ರಿ, ಈ ಮನಿ ಕಟ್ಟಿದ ಕಾಲದಾಗ ನೀವು ಹುಟ್ಟಿದ್ರ, ನೀವು ಇಲ್ಲಿ ಎಲ್ಲಿ ಇರತಿದ್ರಿ? ಒಬ್ಬೊಬ್ಬರ ಹೇಳ್ರಿ."

"ನಾ ಕುದರಿ ತಿಕ್ಕತಿದ್ದೆ ಮೇಡಂ," ಎಂದ ಕುರ್ತಕೋಟಿಯ ಹುಡುಗ.

"ಈಗೂ ಅದ ಮಾಡತಿಯಲ್ಲಲೇ, ಬೈಕಿಗೆ," ಎಂದರು ಮೇಡಂ. ಎಲ್ಲರೂ ನಕ್ಕರು.

"ನಾ ಬೀಸೂ ಕಲ್ಲಿನ ಮುಂದ." "ನಾ ಹೊರಗ, ಕಟ್ಟಿ ಕೆಳಗ." "ನಾ ಅಂಗಳಾ ಸಾರಸ್ತಿದ್ದೆ." ಕಣಗಿನಹಾಳದ ಹುಡುಗಿಯೊಬ್ಬಳು ತಾನು ಪಲ್ಲಕ್ಕಿಯಲ್ಲೇ ಇರುತ್ತಿದ್ದೆ ಎಂದಳು. ಎಲ್ಲರೂ ಹೋ ಎಂದರು.

ಆ ಗದ್ದಲದ ಮೇಲಿಂದ ಒಂದು ದನಿ ಬಂತು.

"ಮೇಡಂ, ನಾ ಈ ಕೋಣ್ಯಾಗ."

ಎಲ್ಲರೂ ತಲೆ ಎತ್ತಿದೆವು. ಮಾಳಿಗೆಯ ಮೂಲೆಯ ಕೋಣೆಗೆ ಮರದ ಜಾಲರಿಯ ಕಿಟಕಿ. ಅದರ ಹಿಂದೆ ಸಹನಾ ನಿಂತಿದ್ದಳು. ಜಾಲರಿಯ ಸಂದಿಯಲ್ಲಿ ಅವಳ ಬೆರಳುಗಳು ಮಾತ್ರ ಸರಿಯಾಗಿ ಕಾಣುತ್ತಿದ್ದವು.

ಮೊದಲು ಒಬ್ಬಿಬ್ಬರು ನಕ್ಕರು. ಆಮೇಲೆ ಯಾರೂ ನಗಲಿಲ್ಲ.

"ಆ ಕಾಲದ್ದು ಕೇಳೇನವಾ ನಾ," ಎಂದರು ಮೇಡಂ.

"ಆ ಕಾಲಕ್ಕೂ ಇದ ರೀ. ಈಗೂ ಇದ ರೀ."

ಕಂಬದ ಹತ್ತಿರ ನಿಂತಿದ್ದ ತಂದೆ, "ಏ, ಒಳಗ ನಡಿ!" ಎಂದು ಗದರಿದರು. ಬೆರಳುಗಳು ಜಾಲರಿಯಿಂದ ಮಾಯವಾದವು. ಮಕ್ಕಳಲ್ಲಿ ಹಲವರು ಮೊಬೈಲ್ ಎತ್ತಿ ಹಿಡಿದಿದ್ದರು. ದೊಡ್ಡಪ್ಪ ನನ್ನ ಹತ್ತಿರ ಬಂದು, "ಸರ್, ಜಲ್ದಿ ಮುಗಿಸಿ ಹೊಂಡ್ರಿ," ಎಂದರು. ಗಂಡಸು ಜೊತೆಗಿರಬೇಕು ಎಂಬ ನಿಯಮದ ಅರ್ಥ ನನಗೆ ಆಗ ತಿಳಿಯಿತು. ಹೊರಡಲು ಹೇಳುವುದಕ್ಕೆ ಒಬ್ಬ ಬೇಕಲ್ಲ.

ಮೇಡಂ ಹೊರಡಲಿಲ್ಲ. ಸೆರಗು ಸುತ್ತಿಕೊಂಡು ಪಡಸಾಲೆಯ ಮೆಟ್ಟಿಲು ಹತ್ತಿದರು. ಹಗ್ಗ ದಾಟಿ ಆ ಹೆಣ್ಣುಮಕ್ಕಳ ಶಾಲೆಯ ಫಲಕದ ಕೆಳಗೆ ಹೋಗಿ ನಿಂತರು. ವರದಿಗಾರನನ್ನು ಕರೆದರು. "ಬಾರಪ್ಪಾ, ಇಲ್ಲಿ ಫೋಟೋ ತಗಿ. ಧಣ್ಯಾರ, ನೀವೂ ಬರ್ರಿ, ಆ ಮೈಕ್ ಸ್ವಲ್ಪ ಕೊಡ್ರಿ."

ಧಣಿಯರು ಏನೂ ತೋಚದೆ ಮೈಕು ಕೊಟ್ಟರು.

"ಇಷ್ಟು ವರ್ಷ ನಾ ಇತಿಹಾಸ ಕಲಸೀನಿ," ಎಂದು ಶುರುಮಾಡಿದರು. "ಈ ಫಲಕದಾಗ ಬರದದ್ದು ಖರೆ. ಈ ಸೀಮಿಯೊಳಗ ಹೆಣ್ಣುಮಕ್ಕಳಿಗೆ ಅಕ್ಷರಾ ಕಲಿಸಿದ ಮೊದಲನೇ ಮನಿ ಇದು. ನಾ ಇತಿಹಾಸದ ಅಧ್ಯಾಪಕಿ ಅಂತ ಹೇಳಾಕತ್ತೀನಿ, ಬರಕೋ. ಅಂಥಾ ಮನಿತನದ ಮೊಮ್ಮಗಳು ನಮ್ಮ ಕಾಲೇಜಿನ ಹುಶಾರ ಹುಡುಗಿ. ಅಕಿನ್ನ ಧಾರವಾಡಕ್ಕ ಕಳಿಸಿ ಎಂ.ಎ. ತನಕ ಓದಸಬೇಕು ಅಂತ ಧಣ್ಯಾರು ನಿಶ್ಚಯ ಮಾಡ್ಯಾರ. ಹಿರ್ಯಾರ ಹೆಸರು ಉಳಿಸೂದಂದ್ರ ಇದು. ಹೌದಲ್ರಿ ಧಣ್ಯಾರ?"

ಮೈಕನ್ನು ಅವರ ಬಾಯಿಗೆ ಹಿಡಿದರು.

ನನ್ನ ವಿದ್ಯಾರ್ಥಿಗಳು ಬಾಯಿ ತೆರೆದು ನಿಂತಿದ್ದರು. ಹಿಂದಿನ ವಾರವಷ್ಟೇ ತರಗತಿಯಲ್ಲಿ ಮೇಡಂ ಅದೇ ಶಾಲೆಯ ನೂರಕ್ಕೆ ನೂರು ಗೈರುಹಾಜರಿಯ ಬಗ್ಗೆ ಹೇಳಿದ್ದರು. ಧಣಿಯರು ಮೈಕು ನೋಡಿದರು, ಕ್ಯಾಮರಾ ನೋಡಿದರು, ಕಂಬಕ್ಕೆ ಒರಗಿದ್ದ ಮಕ್ಕಳನ್ನು ನೋಡಿದರು.

"ಹೌದು," ಎಂದರು. ಗಂಟಲು ಸರಿಮಾಡಿಕೊಂಡು ಮತ್ತೆ ಹೇಳಿದರು. "ಹೌದು. ನಮ್ಮ ಮನಿತನದ ಪದ್ಧತಿನ ಅದು."

ನಮ್ಮ ಕುರ್ತಕೋಟಿಯ ಹುಡುಗ ಚಪ್ಪಾಳೆ ತಟ್ಟಿದ. ಉಳಿದವರೂ ತಟ್ಟಿದರು. ಆ ವರ್ಷ ವಾಡೆಯಲ್ಲಿ ಊಟ ಹಾಕಲಿಲ್ಲ. ಲಕ್ಷ್ಮೇಶ್ವರದ ಬಸ್ ನಿಲ್ದಾಣದ ಹತ್ತಿರ ಗಿರ್ಮಿಟ್ಟು, ಮಿರ್ಚಿ ತಿಂದು ಮಕ್ಕಳು ಹೊಟ್ಟೆ ತುಂಬಿಸಿಕೊಂಡರು.

ಬಸ್ಸಿನಲ್ಲಿ ನಾನು ಅವರ ಪಕ್ಕಕ್ಕೆ ಹೋಗಿ ಕೂತೆ. "ಮೇಡಮ್‌ರ, ಆ ಫಲಕ ಖರೆ ಅಂದ್ರಲ್ಲ?"

ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದರು. "ಕವಿಗಳ, ಸುಳ್ಳು ಹೇಳೂದು ನಿಮ್ಮ ಇಲಾಖೆ. ಇವತ್ತೊಂದು ದಿವಸ ಕಡಾ ತಗೊಂಡೆ."

ಮರುದಿನ ಪತ್ರಿಕೆಯಲ್ಲಿ ಫೋಟೋ ಬಂತು. ಮೊದಲ ಸಲ ಹುಲಿಗೆ ಜಾಗ ಸಿಗಲಿಲ್ಲ. ಹುಡುಗಿ ಎಂ.ಎ. ಓದುತ್ತಾಳೆ ಎಂದು ಓದಿದ ಮುಂಡರಗಿಯ ಗೊಬ್ಬರದಂಗಡಿಯವರು, ಅಷ್ಟು ವರ್ಷ ಕಾಯುವುದಕ್ಕೂ ಅಷ್ಟು ಓದಿದ ಸೊಸೆಯನ್ನು ತರುವುದಕ್ಕೂ ಒಪ್ಪದೆ ಬೇರೆ ಕಡೆ ನೋಡಿಕೊಂಡರು. ಸಹನಾ ಕಾಲೇಜಿಗೆ ಬಂದಳು. ಪರೀಕ್ಷೆ ಬರೆದಳು. ಡಿಗ್ರಿ ಮುಗಿಸಿ ಧಾರವಾಡಕ್ಕೆ ಹೋದಳು. ತೆಗೆದುಕೊಂಡದ್ದು ಇತಿಹಾಸವನ್ನೇ.

ಆದರೆ ಆ ಒಂದು ದಿವಸದ ಸುಳ್ಳು ಒಂದೇ ದಿವಸಕ್ಕೆ ಮುಗಿಯಲಿಲ್ಲ. ಧಣಿಯರು ಹಳೆಯ ಫಲಕ ತೆಗೆಸಿ ಅದರ ಇಮ್ಮಡಿ ದೊಡ್ಡ ಫಲಕ ಹಾಕಿಸಿದರು. ಕೆಳಗೆ, ಈ ಸಂಗತಿಯನ್ನು ಖ್ಯಾತ ಇತಿಹಾಸಕಾರರು ದೃಢಪಡಿಸಿದ್ದಾರೆ ಎಂದು ನಮ್ಮ ಮೇಡಂ ಅವರ ಹೆಸರು, ಪದವಿ ಸಮೇತ. ಜಿಲ್ಲೆಯ ಪರಿಚಯ ಪುಸ್ತಿಕೆಯೊಂದು ಅದನ್ನು ಎತ್ತಿಕೊಂಡಿತು. ಶಿಕ್ಷಕರ ದಿನದ ಭಾಷಣಗಳಲ್ಲಿ ಆ ಶಾಲೆ ಬಂತು. ವಾಣಿಜ್ಯ ವಿಭಾಗದ ಮಿತ್ರರು, "ಮೇಡಂ, ಇತಿಹಾಸಾ ಸೃಷ್ಟಿ ಮಾಡಿದ್ರಲ್ರಿ," ಎಂದು ದಿನಾ ಹಲ್ಲು ಕಿರಿದರು. ಎಂದೂ ಮಾತಿಗೆ ಸೋಲದ ಮೇಡಂ ಆಗ ಹಾಜರಿ ಪುಸ್ತಕ ಎತ್ತಿಕೊಂಡು ತರಗತಿಗೆ ನಡೆಯುತ್ತಿದ್ದರು. ಪ್ರವಾಸಕ್ಕೆ ಪ್ರತಿ ವರ್ಷ ಹೋದರು. ಫಲಕದ ಮುಂದೆ ಬಂದಾಗ ಮಕ್ಕಳಿಗೆ ಚಾವಣಿಯ ತೊಲೆ ತೋರಿಸುತ್ತಿದ್ದರು. ಒಳ್ಳೆಯ ತೇಗಿನ ತೊಲೆ, ಸಂದೇಹವಿಲ್ಲ.

ನಿವೃತ್ತರಾದ ಮರುವರ್ಷ ಒಂದು ಭಾನುವಾರ ನಾನು ಅವರ ಮನೆಯಲ್ಲಿ ಚಹಾ ಕುಡಿಯುತ್ತಿದ್ದಾಗ ಸಹನಾ ಬಂದಳು. ಎಂ.ಎ. ಮುಗಿದಿತ್ತು, ಈ ಭಾಗದ ಹಳೆಯ ಶಾಲೆಗಳ ಮೇಲೆ ಸಂಶೋಧನೆಗೆ ಸೇರಿದ್ದಳು. ಗದಗಿನಲ್ಲಿ, ನಮ್ಮದೇ ಕಾಲೇಜಿನ ಸಭಾಂಗಣದಲ್ಲಿ, ಒಂದು ವಿಚಾರ ಸಂಕಿರಣವಿತ್ತು. ಅಲ್ಲಿ ಮಾತಾಡಬೇಕಿತ್ತು.

ಕಾಲು ಮುಟ್ಟಿ ನಮಸ್ಕಾರ ಮಾಡಿ ಕೂತಳು. ಬಹಳ ಹೊತ್ತು ಅದು ಇದು ಮಾತಾಡಿದಳು. ಕಡೆಗೆ, "ಮೇಡಂ, ನಮ್ಮ ವಾಡೇದ ಶಾಲಿ ಹುಡಿಕಿದೆ. ಎಲ್ಲೆಲ್ಲಿ ನೋಡಬೇಕೋ ಅಲ್ಲೆಲ್ಲಾ ನೋಡಿದೆ. ಎಲ್ಲೂ ಇಲ್ರಿ," ಎಂದಳು.

"ಇರೂದಿಲ್ಲ."

"ಅದನ್ನ ಹೇಳಬೇಕಂದ್ರ, ನೀವು ದೃಢಪಡಿಸಿದ್ದು ತಪ್ಪು ಅಂತನೂ ಹೇಳಬೇಕಾಗತೈತಿ. ನಿಮ್ಮ ಹೆಸರು ತಗೋಬೇಕಾಗತೈತಿ. ಅದಕ್ಕ ಕೇಳಾಕ ಬಂದೆ. ನೀವು ಬ್ಯಾಡ ಅಂದ್ರ ಆ ಭಾಗ ಬಿಟ್ಟು ಬಿಡತೀನ್ರಿ. ನೀವು ಅವತ್ತು ಯಾರ ಸಲುವಾಗಿ ಹಂಗಂದ್ರಿ ಅನ್ನೂದು ನನಗಿಂತ ಬ್ಯಾರೆ ಯಾರಿಗೆ ಗೊತ್ತೈತ್ರಿ?" ಅವಳ ಕಣ್ಣು ತುಂಬಿತ್ತು.

ಮೇಡಂ ಕಪ್ಪನ್ನು ಕೆಳಗಿಟ್ಟರು. "ನನ್ನ ಪರವಾನಗಿ ಕೇಳಾಕ ಧಾರವಾಡದಿಂದ ಬಂದಿಯೇನು? ಹಂಗಾರ ನಾ ನಿನಗ ಏನೂ ಕಲಿಸಿಲ್ಲ ಅಂದಂಗಾತು. ಕಣ್ಣು ಒರಸಿಕೋ. ಹೋಗಿ ಹೇಳು. ನನ್ನ ಹೆಸರಿನ ಮುಂದ 'ಪೂಜ್ಯ' ಅಂತ ಹಚ್ಚಿದಿ ಅಂದ್ರ ಅಲ್ಲೇ ಎದ್ದು ಬರತೀನಿ ನೋಡು."

ಸಂಕಿರಣದ ದಿನ ಮೇಡಂ ಮೊದಲ ಸಾಲಿನಲ್ಲಿ ಕೂತಿದ್ದರು. ಅದೇ ಸಾಲಿನ ಆಚೆ ತುದಿಯಲ್ಲಿ ಪಟಗಾ ಸುತ್ತಿಕೊಂಡು ಧಣ್ಯಾರು. ಮೊಮ್ಮಗಳು ಮಾತಾಡುವುದನ್ನು ಕೇಳಲು ಬಾಡಿಗೆ ಕಾರು ಮಾಡಿಕೊಂಡು ಬಂದಿದ್ದರು, ಕೋಲೂರಿಕೊಂಡು. ಸಹನಾ ಹೇಳಬೇಕಾದ್ದನ್ನೆಲ್ಲ ಹೇಳಿದಳು. ದನಿ ಎಲ್ಲೂ ತಗ್ಗಲಿಲ್ಲ. ವಾಡೆಯ ಶಾಲೆಗೆ ಯಾವ ಆಧಾರವೂ ಇಲ್ಲ, ಅದನ್ನು ದೃಢಪಡಿಸಿದ ತನ್ನ ಗುರುಗಳ ಮಾತಿಗೂ ಆಧಾರವಿಲ್ಲ ಎಂದಳು. ಸಭೆಯಲ್ಲಿ ಗುಸುಗುಸು ಎದ್ದಿತು. ವಾಣಿಜ್ಯದ ಮಿತ್ರರು ಹಬ್ಬ ಬಂದಂತೆ ಹಿಂದಕ್ಕೆ ತಿರುಗಿ ಎಲ್ಲರ ಮುಖ ನೋಡಿದರು.

ಅಧ್ಯಕ್ಷರು ಕಸಿವಿಸಿಯಿಂದ, "ಹಿರಿಯರು ಇಲ್ಲಿಯೇ ಇದ್ದಾರೆ, ಏನಾದರೂ ಸ್ಪಷ್ಟೀಕರಣ ಕೊಡಬಹುದು," ಎಂದರು.

ಮೇಡಂ ಎದ್ದು ನಿಂತರು. "ಸ್ಪಷ್ಟೀಕರಣ ಏನಿಲ್ರಿ. ಆಕಿ ಹೇಳಿದ್ದು ಖರೆ. ನಾ ಅವತ್ತು ಸುಳ್ಳು ಹೇಳಿದ್ದೆ, ಗೊತ್ತಿದ್ದ ಹೇಳಿದ್ದೆ. ಯಾಕ ಹೇಳಿದೆ ಅನ್ನೂದು ಇತಿಹಾಸಕ್ಕ ಸಂಬಂಧ ಇಲ್ಲ." ಕೂತರು.

ಆ ಕಾರಣ ಈಗಷ್ಟೇ ವೇದಿಕೆಯಿಂದ ಇಳಿದು ಬಂದು ಅವರ ಪಕ್ಕದ ಕುರ್ಚಿಯಲ್ಲಿ ಕೂತಿತ್ತು ಎಂದು ಸಭೆಯಲ್ಲಿ ಮೂರ್ನಾಲ್ಕು ಮಂದಿಗೆ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಹೊರಗೆ ಚಹಾದ ಹೊತ್ತಿಗೆ ಒಂದಿಷ್ಟು ವಿದ್ವಾಂಸರು ಅವರನ್ನು ಕಂಡೂ ಕಾಣದಂತೆ ಬಿಸ್ಕತ್ತಿನ ಕಡೆ ತಿರುಗಿಕೊಂಡರು. ಜೀವನದಲ್ಲಿ ಒಂದೂ ಸುಳ್ಳು ಹೇಳದ ಪ್ರಾಧ್ಯಾಪಕರು ನಮ್ಮ ಜಿಲ್ಲೆಯಲ್ಲಿ ಇಷ್ಟು ಮಂದಿ ಇದ್ದಾರೆ ಎಂದು ನನಗೆ ಅಂದೇ ತಿಳಿದದ್ದು.

ಧಣ್ಯಾರು ಮಾತ್ರ ಕೋಲೂರಿಕೊಂಡು ನಮ್ಮ ಹತ್ತಿರವೇ ಬಂದರು. ಜಗಳಕ್ಕೆ ಬಂದರೆಂದು ನಾನು ಸ್ವಲ್ಪ ಮುಂದೆ ಸರಿದು ನಿಂತೆ.

"ಬಾಯಾರ, ಆ ಶಾಲಿ ಇದ್ದಿಲ್ಲ ಅನ್ನೂದು ನನಗ ಮೊದಲಿಂದ ಗೊತ್ತಿತ್ರಿ. ಫಲಕಾ ಬರಿಸಿದಾಂವ ನಾನ ರೀ."

"ಗೊತ್ತೈತ್ರಿ," ಎಂದರು ಮೇಡಂ. "ಅವತ್ತು ನಿಮ್ಮನ್ನ ನಿಮ್ಮ ಫಲಕದಾಗ ಕಟ್ಟಿ ಹಾಕಬೇಕಾತು. ತಪ್ಪು ತಿಳಕೋಬ್ಯಾಡ್ರಿ."

ಮುದುಕರು ನಕ್ಕರು. ಹಲ್ಲಿಲ್ಲದ ನಗೆ. "ನೀವು ಕಟ್ಟಿ ಹಾಕಿದ್ರಿ ಅಂತ ತಿಳಕೊಂಡೀರೇನು? ನಾ ಇಲ್ಲ ಅನಬಹುದಿತ್ತಲ್ರಿ. ಮನಿ ನಂದು, ಮೈಕ್ ನಂದು. ಯಾರಿಗೆ ಅಂಜಿ ಹೌದು ಅಂದೆ ನಾ? ಆ ಪೇಪರ್ ಹುಡುಗಗ?"

ಮೇಡಂ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದರು.

"ಆ ಲಗ್ನ ಬ್ಯಾಡ ಅಂತ ಮನ್ಯಾಗ ಭಾಳ ಹೇಳಿದೆ. ಮಕ್ಕಳು ಕೇಳಲಿಲ್ಲ. ಹೊಲಾ, ಮನಿ ಕಾರಭಾರ ಎಲ್ಲಾ ಅವರ ಕೈಯಾಗ ಹೋಗಿತ್ತು. ನನಗಂತ ಉಳದಿದ್ದು ಆ ಹುಲಿ, ಆ ಪಲ್ಲಕ್ಕಿ. ನಾಕ ಮಂದಿ ಮುಂದ ನೀವು ಕೇಳಿದ್ರಿ, ನಾಕ ಮಂದಿ ಮುಂದ ನಾ ಹೌದಂದೆ. ಪೇಪರಿನ್ಯಾಗ ಬಂದ ಅಪ್ಪನ ಮಾತು ಮಕ್ಕಳು ಮುರ್ಯಾಕ ಆಗಲಿಲ್ಲ." ಕೋಲನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು. "ಫಲಕಾ ತಗಸತೀನ್ರಿ. ಹುಡುಗಿ ಹೇಳ್ಯಾಳಲ್ಲ." ತಿರುಗಿ, ಮೊಮ್ಮಗಳನ್ನು ಹುಡುಕುತ್ತ ಸಭಾಂಗಣದ ಕಡೆ ನಡೆದರು.

ನಾನೂ ಮೇಡಮ್ಮೂ ಆಟೋ ಹತ್ತಿದೆವು. ಆಟೋ ರೈಲು ಹಳಿ ದಾಟಿತು. ಮೇಡಂ ಒಮ್ಮೆಲೇ, "ಸುಳ್ಳು ಹೇಳತಾನ ಮುದುಕ," ಎಂದರು. "ಸೋತ ಮ್ಯಾಲೂ ಗೆದ್ದೆ ಅನ್ನೂದು ಅವರ ಮನಿತನದ ಚಾಳಿ."

"ಇರಬಹುದ್ರಿ," ಎಂದೆ.

ಅವರ ಓಣಿಯ ಬಾಯಿಗೆ ಆಟೋ ನಿಂತಿತು. ಒಳಗಿನ ಮನೆಗಳಿಂದ ಮಗ್ಗದ ಸದ್ದು ಬರುತ್ತಿತ್ತು. ಇಳಿದವರು ಹೋಗಲಿಲ್ಲ. ಆಟೋದ ಕಂಬಿ ಹಿಡಿದು ನಿಂತರು.

"ಹುಡುಗಿ ಧಾರವಾಡಕ್ಕ ಹೋಗೂ ದಿವಸ ಬಸ್ ಸ್ಟ್ಯಾಂಡಿಗೆ ಟ್ರಂಕ್ ಹೊತ್ತುಕೊಂಡು ಬಂದಾಂವ ಯಾರ್ರಿ? ಅವರಪ್ಪ ಏನು?"

"ಅಲ್ರಿ. ಅಜ್ಜನ ಬಂದಿದ್ದ. ಆಕಿನ ಹೇಳಿದ್ಲು."

ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಬರಿಗಣ್ಣಿನ ಅವರ ಮುಖ ನನಗೆ ಪರಿಚಯವೇ ಇಲ್ಲದವರ ಮುಖದಂತೆ ಕಂಡಿತು.

"ಅಷ್ಟು ವರ್ಷ ಆ ಮನಿ ತೋರಿಸಿದೆ ನಾ. ಹಗೇವು ಬಿಡಲಿಲ್ಲ, ಬಾವಿ ಬಿಡಲಿಲ್ಲ. ಮೈಕ್ ಹಿಡಕೊಂಡು ಎದುರಿಗೆ ನಿಂತಾಂವನ್ನ ಒಂದು ದಿವಸನೂ ಸರಿಯಾಗಿ ನೋಡಲಿಲ್ಲ ನೋಡ್ರಿ."

ಏನಾದರೂ ಸಮಾಧಾನ ಹೇಳಬೇಕೆಂದು ನಾನು ಬಾಯಿ ತೆರೆದೆ.

"ಬ್ಯಾಡ ಕವಿಗಳ," ಎಂದು ಕೈಯೆತ್ತಿ ತಡೆದು, ಕನ್ನಡಕ ಹಾಕಿಕೊಳ್ಳದೆಯೇ ಓಣಿಯೊಳಗೆ ನಡೆದುಬಿಟ್ಟರು.